2018ರಲ್ಲಿ ರಾಜಿಯಾದ ಕೇಸು ಈಗ ಪಿಸಿಸಿಗೆ (ವಿದೇಶಕ್ಕೆ ಹೋಗಲು ಬೇಕಾದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಅಡ್ಡ ಬಂದಿದೆ. ದಾಖಲೆ ಹುಡುಕುವುದು, ಮುಚ್ಚಿಸುವುದು ಹೇಗೆ? (ಕಾಸರಗೋಡು)

ಕಂಗಿನ ತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಬೇಡಿ.

ನಾನು ಬದಿಯಡ್ಕದ ಕಡೆಯವನು. 2015ರಲ್ಲಿ ಊರ ಜಾತ್ರೆಯ ರಾತ್ರಿ ಐಸ್‌ಕ್ರೀಂ ಅಂಗಡಿ ಹತ್ತಿರ ಎರಡು ಗುಂಪಿಗೆ ಗಲಾಟೆಯಾಯಿತು. ನಾನು ಬಿಡಿಸಲು ಹೋದವನು. (ಎಲ್ಲರೂ ಹೀಗೇ ಹೇಳುತ್ತಾರೆ ಅಂತ ನನಗೂ ಗೊತ್ತು.) ಎಫ್‌ಐಆರ್‌ನಲ್ಲಿ ನಾಲ್ಕನೇ ಆರೋಪಿ ಆದೆ. ಸೆಕ್ಷನ್ 341 (ದಾರಿ ಅಡ್ಡಗಟ್ಟಿದ್ದು), 323 (ಹೊಡೆದದ್ದು), ಜೊತೆಗೆ 34 (ಕೂಡಿ ಮಾಡಿದ್ದು). ಮೂರು ವರ್ಷ ವಿದ್ಯಾನಗರದ ಕೋರ್ಟಿಗೆ ಅಲೆದು 2018ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡೆವು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಈಗ ಕುವೈತ್‌ನಲ್ಲಿ ಎಸಿ ಕೆಲಸ ಸಿಕ್ಕಿದೆ. ಪಾಸ್‌ಪೋರ್ಟ್ ಸೇವೆಯಲ್ಲಿ ಪಿಸಿಸಿಗೆ ಹಾಕಿದರೆ ಠಾಣೆಯಿಂದ ಫೋನ್, "ನಿಮ್ಮ ಹೆಸರಲ್ಲಿ ಒಂದು ಕ್ರೈಂ ನಂಬರ್ ತೋರಿಸುತ್ತಿದೆಯಲ್ಲ" ಅಂತ. ನಮ್ಮ ವಕೀಲರು ಈಗ ಇಲ್ಲ, ತೀರಿಕೊಂಡರು. ಮನೆಯಲ್ಲಿದ್ದ ಕಾಗದ ಅರ್ಧ ಗೆದ್ದಲು ತಿಂದಿದೆ, ಉಳಿದ ಅರ್ಧ ಮಲಯಾಳದಲ್ಲಿದೆ. ನಾನು ಕಲಿತದ್ದು ಕನ್ನಡ ಮೀಡಿಯಂ. ಮಾತಾಡಲು ಬರುತ್ತದೆ, ಓದುವುದೆಂದರೆ ಬಸ್ಸಿನ ಬೋರ್ಡಿನಷ್ಟೇ.

ಇದು ಸಾಲದು ಅಂತ ಆಗಿನ ಒಂದು ವೆಬ್ ಸುದ್ದಿಯಲ್ಲಿ ನನ್ನ ಹೆಸರು, ಮನೆ ಹೆಸರು ಎರಡೂ ಇವೆ. ಹೋದ ತಿಂಗಳು ಹೆಣ್ಣು ನೋಡಲು ಹೋದಾಗ ಹುಡುಗಿಯ ಅಣ್ಣ ಅದನ್ನೇ ಮೊಬೈಲ್‌ನಲ್ಲಿ ತೋರಿಸಿದ. ಚಹಾ ಅರ್ಧಕ್ಕೇ ಬಿಟ್ಟು ಬಂದೆವು.

ನನ್ನ ಹೆಸರಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ತಿಳಿಯುವುದು ಹೇಗೆ? ಅಳಿಸಲಿಕ್ಕೆ ಆಗುತ್ತಾ?

ವಕೀಲರ ಗುಮಾಸ್ತ

ಮಾರಾಯ್ರೆ, ಮೊದಲು ಗಾಬರಿ ಬಿಡಿ. 341, 323 ಎರಡೂ ರಾಜಿ ಮಾಡಬಹುದಾದ ಸೆಕ್ಷನ್‌ಗಳು. ಆಗಿನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 320ರ ಕೆಳಗೆ ಕೋರ್ಟು ರಾಜಿ ದಾಖಲಿಸಿದ್ದರೆ ಅದಕ್ಕೆ ಖುಲಾಸೆಯ ಬೆಲೆಯೇ ಇದೆ, 320ರ 8ನೇ ಉಪವಿಭಾಗದಲ್ಲಿ ಹಾಗೇ ಬರೆದಿದೆ. ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 359. ಅಂದರೆ ನೀವು "ಕೇಸಿನಲ್ಲಿ ಇದ್ದವರು" ಹೌದು, "ಶಿಕ್ಷೆಯಾದವರು" ಅಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಕಾಗದದಲ್ಲಿ ತೋರಿಸುವುದೇ ನಿಮ್ಮ ಕೆಲಸ.

ಆಗುವುದು ಏನೆಂದರೆ, ಎಫ್‌ಐಆರ್ ಹಾಕಿದ ದಿನವೇ ಅದು ಪೊಲೀಸರ ಕಂಪ್ಯೂಟರಿಗೆ ಹೋಗುತ್ತದೆ. ಕೋರ್ಟಿನ ತೀರ್ಪು ಹಾಗಲ್ಲ, ಅದನ್ನು ತುಂಬಿಸುವ ಫಾರ್ಮೇ ಬೇರೆ, ಯಾರಾದರೂ ಕೂತು ತುಂಬಿಸಬೇಕು. ಯಾರೂ ತುಂಬಿಸದಿದ್ದರೆ ನಿಮ್ಮ ಕೇಸು ಅಲ್ಲಿ ಇನ್ನೂ ನಡೆಯುತ್ತಲೇ ಇರುತ್ತದೆ.

ಹುಡುಕುವುದಕ್ಕೆ ಕೋರ್ಟುಗಳ ಕೇಸಿನ ವಿವರ ಸಿಗುವ ಇಕೋರ್ಟ್ಸ್ ವೆಬ್‌ಸೈಟಿಗೆ ಹೋಗಿ, ಕೇರಳ, ಕಾಸರಗೋಡು ಆರಿಸಿ. ಕ್ರೈಂ ನಂಬರ್, ಅಂದರೆ ಠಾಣೆಯ ಎಫ್‌ಐಆರ್ ನಂಬರ್, ಗೊತ್ತಿದ್ದರೆ ಅದನ್ನು ಹಾಕುವ ಜಾಗ ಇದೆ, ಠಾಣೆ ಆರಿಸಿ ವರ್ಷ ಹಾಕಿದರೆ ಸಾಕು. ಗೊತ್ತಿಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು, ಅಲ್ಲಿಯೇ ನಮ್ಮವರು ಎಡವುವುದು. ಪೂರ್ತಿ ಹೆಸರು ಹಾಕಿದರೆ ಎಷ್ಟೋ ಸಲ ಸಿಗುವುದಿಲ್ಲ, ಏಕೆಂದರೆ ನಾರಾಯಣ ಇದ್ದವನನ್ನು ಠಾಣೆಯಲ್ಲಿ ಬರೆದವರು ನಾರಾಯಣನ್ ಮಾಡಿರುತ್ತಾರೆ. ಗಣೇಶ ಇದ್ದವನು ಗಣೇಶನ್. ಭಟ್ಟರದ್ದು ಇಂಗ್ಲಿಷಿನಲ್ಲಿ ನಾಲ್ಕು ಥರದ ಸ್ಪೆಲ್ಲಿಂಗ್, ಇನಿಶಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ. ಹಾಗಾಗಿ ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ. ವರ್ಷವನ್ನೂ ಒಂದಕ್ಕೆ ನಿಲ್ಲಿಸಬೇಡಿ. ಗಲಾಟೆ 2015ರದ್ದಾದರೂ ಚಾರ್ಜ್‌ಶೀಟು 2016ರಲ್ಲಿ ಬಂದಿದ್ದರೆ ಕೋರ್ಟಿನ ಸಿಸಿ ನಂಬರ್ (ಕೋರ್ಟು ಕೇಸಿಗೆ ಕೊಡುವ ಸಂಖ್ಯೆ) 2016ರದ್ದೇ.

ಸಿಕ್ಕಿದ ಮೇಲೆ ಕೆಎಲ್ ಅಂತ ಶುರುವಾಗುವ 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಕೇಸಿನ ಸ್ಥಿತಿ ನೋಡಿ. "ಡಿಸ್ಪೋಸ್ಡ್", ಅಂದರೆ ಮುಗಿದಿದೆ, ಅಂತ ಇದ್ದರೆ ನೆಮ್ಮದಿ. ಒಂದು ಮಾತು, ನೀವು ನಾಲ್ಕನೇ ಆರೋಪಿ ಅಂದಿರಿ. ರಾಜಿಯ ದಿನ ನಾಲ್ವರೂ ಕೋರ್ಟಿಗೆ ಬಂದಿದ್ದಿರಾ? ಬಾರದವನ ಕೇಸನ್ನು ಬೇರೆ ಮಾಡಿ ಎಲ್‌ಪಿಗೆ ಹಾಕುತ್ತಾರೆ, ಅಂದರೆ ಲಾಂಗ್ ಪೆಂಡಿಂಗ್. ಅವನಿಗೆ ವಾರಂಟ್ ಹಾಗೇ ಇರುತ್ತದೆ, ಅವನು ಮಾತ್ರ ಎಲ್ಲ ಮುಗಿಯಿತು ಅಂತ ಗಲ್ಫಿನಲ್ಲಿ ಆರಾಮವಾಗಿರುತ್ತಾನೆ. ರಜೆಯಲ್ಲಿ ಬಂದಾಗ ಏರ್‌ಪೋರ್ಟಿನಲ್ಲೇ ಗೊತ್ತಾದವರನ್ನು ನಾನು ನೋಡಿದ್ದೇನೆ.

ಪೊಲೀಸರ ತುಣ ಪೋರ್ಟಲ್‌ನಲ್ಲಿ ಎಫ್‌ಐಆರ್ ಸಿಗುತ್ತದೆ, ಆದರೆ ನಿಮ್ಮದಕ್ಕೆ ಆಸೆ ಇಟ್ಟುಕೊಳ್ಳಬೇಡಿ. 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ, ಆ ನವೆಂಬರ್ 15ರಿಂದ ಅದು ಜಾರಿ. ನಿಮ್ಮದು ಅದಕ್ಕಿಂತ ಹಳೆಯದು. ನೇರ ಕೋರ್ಟಿನ ಆಫೀಸಿಗೆ ಹೋಗಿ ಸಿಸಿ ನಂಬರ್ ಬರೆದು ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಎರಡು ಪ್ರತಿ ತೆಗೆಸಿ. ಒಂದನ್ನು ಅರ್ಜಿ ಸಮೇತ ಠಾಣೆಗೆ ಕೊಟ್ಟು, ಕೊಟ್ಟದ್ದಕ್ಕೆ ರಶೀದಿ ಕೇಳಿ. ಇನ್ನೊಂದು ಕಬ್ಬಿಣದ ಪೆಟ್ಟಿಗೆಯಲ್ಲಿಡಿ, ಗೆದ್ದಲು ಕಬ್ಬಿಣ ತಿನ್ನುವುದಿಲ್ಲ.

ಕಂಗಿನ ತೋಟ

ಗುಮಾಸ್ತಣ್ಣಾ, ನಾನು ಆ ದಿನ ಇದ್ದೆ. ಮೂರನೇ ಆರೋಪಿ ಇದ್ದನೋ ಇಲ್ಲವೋ ನೆನಪಿಲ್ಲ, ಅವನೀಗ ದುಬೈಯಲ್ಲಿ. ಠಾಣೆಗೆ ಅರ್ಜಿ ಮಲಯಾಳದಲ್ಲೇ ಕೊಡಬೇಕಾ?

ವಕೀಲರ ಗುಮಾಸ್ತ

ಬೇಡ. ಕನ್ನಡದಲ್ಲೇ ಕೊಡಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ನಮಗೆ ಆ ಹಕ್ಕು ಕೊಟ್ಟಿದೆ. ಅಲ್ಲಿರುವ ಪೊಲೀಸಿನವರು ಪಾಲಕ್ಕಾಡಿನಿಂದಲೋ ಕೊಲ್ಲಂನಿಂದಲೋ ಬಂದವರಾದರೆ ಮುಖ ಸಿಂಡರಿಸಬಹುದು, ಅದು ಬೇರೆ ವಿಷಯ. ತುರ್ತು ಇದ್ದರೆ ಜೊತೆಗೆ ಮಲಯಾಳದ ಪ್ರತಿಯನ್ನೂ ಇಡಿ, ಅಕ್ಷಯ ಸೆಂಟರಿನಲ್ಲಿ (ಊರಿನ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಟೈಪ್ ಮಾಡಿ ಕೊಡುತ್ತಾರೆ. ಹಕ್ಕಿಗೋಸ್ಕರ ಜಗಳ ಮಾಡುವ ಸಮಯ ಇದಲ್ಲ, ನಿಮಗೆ ವೀಸಾ ಮುಖ್ಯ ಅಲ್ವಾ.

ಮೂರನೆಯವನಿಗೆ ಇವತ್ತೇ ಫೋನ್ ಮಾಡಿ.

ತಲಪಾಡಿ ಟೋಲ್

ನಾನು ಮಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್. ದಿನಾ ಗಡಿ ದಾಟುವವಳು. ನಮ್ಮ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ನಾವು ಆಳು ತೆಗೆದುಕೊಳ್ಳುವಾಗ ಹಿನ್ನೆಲೆ ನೋಡುವ ಏಜೆನ್ಸಿಗೆ ಹೆಸರು ಕೊಡುತ್ತೇವೆ. ಅವರ ಹತ್ತಿರ ಗುಪ್ತ ದಾಖಲೆ ಏನೂ ಇಲ್ಲ, ಮೇಲೆ ಹೇಳಿದ ಇಕೋರ್ಟ್ಸ್‌ನಲ್ಲೇ ಹುಡುಕುತ್ತಾರೆ, ಅಷ್ಟೇ. ಅದರಿಂದ ಒಂದೇ ಹೆಸರಿನ ಬೇರೆಯವನ ಕೇಸು ಇವನ ತಲೆಗೆ ಬಂದದ್ದೂ ಉಂಟು. ಉಪ್ಪಳದ ಒಬ್ಬ ಹುಡುಗನಿಗೆ ಹಾಗಾಯಿತು. ಹೆಸರು ಒಂದೇ, ತಂದೆಯ ಹೆಸರೂ ಒಂದೇ, ಪ್ರಾಯ ಮಾತ್ರ ಇಪ್ಪತ್ತು ವರ್ಷ ವ್ಯತ್ಯಾಸ! ಅವನು ಚಾರ್ಜ್‌ಶೀಟಿನ ಪ್ರತಿ ತಂದು ಪ್ರಾಯ, ಮನೆ ಹೆಸರು ತೋರಿಸಿದ ಮೇಲೆ ಸರಿಯಾಯಿತು.

ಇನ್ನು ಫಾರ್ಮಿನ ವಿಷಯ. "ಶಿಕ್ಷೆಯಾಗಿದೆಯೇ" ಅಂತ ಕೇಳಿದರೆ ಇಲ್ಲ ಅಂತ ಬರೆಯಿರಿ, ಅದು ಸತ್ಯ. "ಯಾವತ್ತಾದರೂ ಕೇಸು ಇತ್ತೇ, ಅರೆಸ್ಟ್ ಆಗಿತ್ತೇ" ಅಂತ ಕೇಳಿದರೆ ಹೌದು ಅಂತಲೇ ಬರೆಯಬೇಕು, ಪಕ್ಕದಲ್ಲಿ ರಾಜಿಯಾಗಿ ಖುಲಾಸೆ ಅಂತ ಸೇರಿಸಿ. 2016ರಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಕೇಸಿನಲ್ಲಿ ಇದನ್ನೇ ಹೇಳಿತು. ಸಣ್ಣ ಕೇಸನ್ನು ಕೆಲಸ ಕೊಡುವವರು ಬದಿಗಿಡಬಹುದು, ಆದರೆ ಕೊಡುವ ಮಾಹಿತಿ ಸತ್ಯ ಇರಬೇಕು. ಜಾತ್ರೆ ಗಲಾಟೆಗೆ ನಾವು ಯಾರನ್ನೂ ಕೆಲಸದಿಂದ ಕೈಬಿಟ್ಟಿಲ್ಲ, ಮುಚ್ಚಿಟ್ಟದ್ದಕ್ಕೆ ಇಬ್ಬರನ್ನು ಕೈಬಿಟ್ಟಿದ್ದೇವೆ.

ಮತ್ತೆ, ನಡುವೆ ಉಳ್ಳಾಲದಲ್ಲೋ ದೇರಳಕಟ್ಟೆಯಲ್ಲೋ ರೂಮು ಮಾಡಿ ಇದ್ದಿದ್ದರೆ ಅಲ್ಲಿಯ ಪೊಲೀಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಅದಕ್ಕೆ ಕರ್ನಾಟಕದ ಸೇವಾ ಸಿಂಧುವಿನಲ್ಲಿ ಹಾಕಬೇಕು, ತುಣದಲ್ಲಿ ಅಲ್ಲ.

ಹೊಳೆಬದಿ

ನನ್ನದೂ ಒಂದು ಪ್ರಶ್ನೆ ಇಲ್ಲೇ ಕೇಳಬಹುದಾ? ನನ್ನ ಮಗ 17 ವರ್ಷದವನಿದ್ದಾಗ ಕಳ್ಳ ಹೊಯಿಗೆ (ಮರಳು) ಲಾರಿಯಲ್ಲಿ ಸಿಕ್ಕಿಬಿದ್ದ. ದಿನಕ್ಕೆ ಐನೂರು ರೂಪಾಯಿ ಕೊಡುತ್ತಾರೆ ಅಂತ ಗೆಳೆಯರ ಜೊತೆ ಹೋದವ. ಬಾಲ ನ್ಯಾಯ ಮಂಡಳಿಯಲ್ಲಿ ಬುದ್ಧಿ ಹೇಳಿ ಬಿಟ್ಟರು. ಈಗ ಅವನಿಗೆ 23. ಡ್ರೈವರ್ ಕೆಲಸಕ್ಕೆ ಠಾಣೆಯ ಸರ್ಟಿಫಿಕೇಟ್ ಬೇಕು, ಅಲ್ಲಿ ಅವನ ಹಳೆ ಕೇಸಿನ ಮಾತು ಎತ್ತಿದರಂತೆ. ಮನೆಗೆ ಬಂದು ಊಟ ಬಿಟ್ಟು ಮಲಗಿದ್ದಾನೆ.

ಕಾನೂನು ಮೂರನೇ ವರ್ಷ

ಅಕ್ಕಾ, ನಿಮ್ಮ ಮಗನ ಸ್ಥಿತಿ ಈ ಥ್ರೆಡ್‌ನಲ್ಲಿ ಎಲ್ಲರಿಗಿಂತ ಗಟ್ಟಿ. ನಮ್ಮ ದೇಶದಲ್ಲಿ ದಾಖಲೆಯನ್ನು ನಿಜವಾಗಿ ನಾಶ ಮಾಡಿ ಅಂತ ಕಾನೂನು ಹೇಳುವುದು ಮುಖ್ಯವಾಗಿ ಮಕ್ಕಳ ವಿಷಯದಲ್ಲೇ. 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 24 ನೋಡಿ. ಆ ಕೇಸಿನಿಂದ ಅವನಿಗೆ ಯಾವ ಅನರ್ಹತೆಯೂ ಬರಬಾರದು, ಅಪೀಲಿನ ಅವಧಿ ಕಳೆದ ಮೇಲೆ ದಾಖಲೆ ನಾಶವಾಗಬೇಕು. 16 ದಾಟಿದವರು ತೀರಾ ಘೋರ ಅಪರಾಧ ಮಾಡಿ ದೊಡ್ಡವರಂತೆ ವಿಚಾರಣೆಯಾದರೆ ಮಾತ್ರ ಬೇರೆ. ಹೊಯಿಗೆ ಲಾರಿ ಅದರಲ್ಲಿ ಬರುವುದಿಲ್ಲ.

ಇನ್ನೂ ಮುಖ್ಯ, ಸೆಕ್ಷನ್ 74. ಮುಗಿದ ಕೇಸಾದರೆ ಕ್ಯಾರೆಕ್ಟರ್ ಸರ್ಟಿಫಿಕೇಟಿಗೋಸ್ಕರ ಪೊಲೀಸರು ಮಗುವಿನ ದಾಖಲೆ ಹೇಳಲೇಬಾರದು. ಪತ್ರಿಕೆಯವರು ಹೆಸರು ಹಾಕಿದರೂ ತಪ್ಪು, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಂಡಳಿಯ ಆದೇಶದ ಪ್ರತಿ ತೆಗೆದುಕೊಂಡು, ಈ ಎರಡು ಸೆಕ್ಷನ್ ಬರೆದು, ಠಾಣೆಗೆ ಒಂದು, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಡಿ. ಕೇಳದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಅಲ್ಲಿ ವಕೀಲರ ಖರ್ಚಿಲ್ಲ. ಮಗನನ್ನು ಎಬ್ಬಿಸಿ ಊಟ ಮಾಡಿಸಿ.

ಕಂಗಿನ ತೋಟದವರೇ, ನಿಮಗೆ ಅಷ್ಟು ಸಿಹಿ ಸುದ್ದಿ ಇಲ್ಲ. ದೊಡ್ಡವರ ಕೇಸನ್ನು ಪೂರ್ತಿ ಅಳಿಸುವ ಕಾನೂನು ಇಲ್ಲಿ ಇಲ್ಲ. ಬೆರಳಚ್ಚು, ಫೋಟೊ ತೆಗೆದಿದ್ದರೆ ಅದು ಸ್ವಲ್ಪ ಬೇರೆ. 2022ರ ಹೊಸ ಗುರುತಿನ ಕಾಯ್ದೆಯಲ್ಲಿ ಅವನ್ನು 75 ವರ್ಷ ಇಡಬಹುದು ಅಂತ ಇದೆ, ಆದರೆ ಮೊದಲು ಶಿಕ್ಷೆಯಾಗದವನು ಖುಲಾಸೆಯಾದರೆ ನಾಶ ಮಾಡಬೇಕು ಅಂತಲೂ ಇದೆ, ಮ್ಯಾಜಿಸ್ಟ್ರೇಟರು ಇಡಿ ಅಂದರೆ ಬೇರೆ.

ಕೋರ್ಟಿನ ದಾಖಲೆಯಲ್ಲಿ ಹೆಸರು ಮುಚ್ಚಿಸುವ ವಿಷಯದಲ್ಲಿ ಹೈಕೋರ್ಟುಗಳೇ ಒಂದೊಂದು ಕಡೆ ಎಳೆಯುತ್ತಿವೆ. 2021ರಲ್ಲಿ ದೆಹಲಿ ಹೈಕೋರ್ಟ್, ಡ್ರಗ್ಸ್ ಕೇಸಿನಲ್ಲಿ ಖುಲಾಸೆಯಾದ ಒಬ್ಬರ ತೀರ್ಪು ಗೂಗಲ್‌ನಲ್ಲಿ ಸಿಗದಂತೆ ಮಾಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ನಮಗೆ ಲಾಗುವಾಗುವುದು ಕೇರಳ ಹೈಕೋರ್ಟಿನ 2022ರ ಡಿಸೆಂಬರ್ ತೀರ್ಪು. ಕುಟುಂಬದ ಕೇಸುಗಳಲ್ಲಿ ಹೆಸರು ಮುಚ್ಚಬಹುದು, ಆದರೆ ಕೋರ್ಟು ಎಂದರೆ ತೆರೆದ ಬಾಗಿಲು, ಎಲ್ಲರಿಗೂ ಮರೆಸುವ ಹಕ್ಕು ಅಂತ ಕೊಡಲಾಗದು ಅಂದಿತು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಒಬ್ಬರ ತೀರ್ಪನ್ನು ಇಂಡಿಯನ್ ಕಾನೂನ್ ಎಂಬ, ತೀರ್ಪುಗಳನ್ನು ಹಾಕುವ ಸೈಟಿನಿಂದ ತೆಗೆಯಲು ಹೇಳಿತು, ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತಮಾಷೆ ಏನೆಂದರೆ ನನ್ನನ್ನು ಮರೆಯಿರಿ ಅಂತ ಕೋರ್ಟಿಗೆ ಹೋದವರ ಹೆಸರೆಲ್ಲ ಈಗ ನಮ್ಮ ಕ್ಲಾಸಿನವರಿಗೆ ಬಾಯಿಪಾಠ. ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ವೆಬ್ ಸುದ್ದಿಗೆ ದಾರಿ ಇದೆ. 2021ರ ಐಟಿ ನಿಯಮದ ಪ್ರಕಾರ ಆನ್‌ಲೈನ್ ಸುದ್ದಿಯವರಿಗೆ ದೂರು ಕೇಳುವ ಅಧಿಕಾರಿ ಇರಬೇಕು, 15 ದಿನದಲ್ಲಿ ಉತ್ತರ ಕೊಡಬೇಕು. ತೀರ್ಪಿನ ಪ್ರತಿ ಲಗತ್ತಿಸಿ. "ತೆಗೆಯಿರಿ" ಅಂತ ಒಂದೇ ಮಾತು ಕೇಳಬೇಡಿ. ತೆಗೆಯಿರಿ, ಇಲ್ಲವಾದರೆ ಕೇಸು ರಾಜಿಯಾಗಿ ಮುಗಿದಿದೆ ಅಂತ ಸುದ್ದಿಯ ಮೇಲೆಯೇ ಹಾಕಿ ಅಂತ ಕೇಳಿ. ಎರಡನೆಯದಕ್ಕೆ ಜಾಸ್ತಿ ಜನ ಒಪ್ಪುತ್ತಾರೆ.

ಸುಮ್ನೆ ಓದುವವ

ಇಷ್ಟೆಲ್ಲ ಯಾಕೆ, ಠಾಣೆಯಲ್ಲಿ ಗುರುತಿನವರಿದ್ದರೆ ಒಂದು ಫೋನಿನಲ್ಲಿ ತೆಗೆಸಬಹುದು. ನಮ್ಮ ಭಾವ ಹಾಗೇ ಮಾಡಿದ್ದು.

ವಕೀಲರ ಗುಮಾಸ್ತ

ನಿಮ್ಮ ಭಾವನಿಗೆ ಹೇಳಿ, ಕಂಪ್ಯೂಟರಿನಲ್ಲಿ ಹಾಕಿದ ಎಫ್‌ಐಆರ್ ಯಾರ ಫೋನಿಗೂ ಅಳಿಯುವುದಿಲ್ಲ. ಒಮ್ಮೆ ಸರ್ಟಿಫಿಕೇಟ್ ಸಿಕ್ಕಿರಬಹುದು, ಮುಂದಿನ ಸಲ ಬೇರೆ ಸಾಹೇಬರು ಕೂತಿರುತ್ತಾರೆ. ಆಗ ಹಳೆ ಕೇಸಿನ ಜೊತೆ ಹೊಸದೂ ಸೇರುತ್ತದೆ.

ಕಂಗಿನ ತೋಟದವರಿಗೆ ಇನ್ನೊಂದು, ಮೊದಲೇ ಹೇಳಬೇಕಿತ್ತು. ಠಾಣೆಯವರು ಬಾಯಲ್ಲಿ "ಸರಿ ಮಾಡಿದ್ದೇವೆ" ಅಂದರೆ ನಂಬಿ ಕೂರಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನನ್ನ ಹೆಸರಲ್ಲಿ ಯಾವ ಕ್ರೈಂ ನಂಬರ್‌ಗಳಿವೆ, ಪ್ರತಿಯೊಂದರ ಈಗಿನ ಸ್ಥಿತಿ ಏನು ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಹೆಲ್ಮೆಟ್ ಇಲ್ಲದ್ದು, ಕುಡಿದು ರಸ್ತೆಯಲ್ಲಿ ಬೊಬ್ಬೆ ಹಾಕಿದ್ದು ಅಂತ ದಂಡ ಕಟ್ಟಿ ಮರೆತ ಪೆಟ್ಟಿ ಕೇಸುಗಳಿದ್ದರೆ ಅವೂ ಹೊರಗೆ ಬರಬಹುದು.

ಕಂಗಿನ ತೋಟ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಇಕೋರ್ಟ್ಸ್‌ನಲ್ಲಿ ನನ್ನ ಹೆಸರಿಗೆ ಗುಮಾಸ್ತಣ್ಣ ಹೇಳಿದ ಹಾಗೇ ಒಂದು "ನ್" ಸೇರಿತ್ತು, ವರ್ಷವೂ 2016. ಸರ್ಟಿಫೈಡ್ ಕಾಪಿ ಸಿಕ್ಕಿತು, ಠಾಣೆಗೆ ಕೊಟ್ಟೆ. ಅಲ್ಲಿದ್ದ ಒಬ್ಬ ಮೇಡಂ ಓದಿ ನೋಡಿ, ಇದನ್ನು ಯಾರೂ ತುಂಬಿಸಿಯೇ ಇಲ್ಲ ಅಂತ ನನ್ನೆದುರೇ ತುಂಬಿಸಿದರು. ಹತ್ತು ನಿಮಿಷದ ಕೆಲಸ. ಪಿಸಿಸಿ ಹೋದ ಶುಕ್ರವಾರ ಬಂತು.

ವೆಬ್ ಸುದ್ದಿಯವರು ತೆಗೆದಿಲ್ಲ, ಆದರೆ ಕೆಳಗೆ ಎರಡು ಸಾಲು ಸೇರಿಸಿದ್ದಾರೆ. ಸುದ್ದಿಯ ಮೇಲೆ ಹಾಕಿ ಅಂತ ಮತ್ತೊಮ್ಮೆ ಬರೆದಿದ್ದೇನೆ.

ಮೂರನೆಯವನ ಕೇಸು ಎಲ್‌ಪಿಯಲ್ಲಿದೆ. ಫೋನ್ ಮಾಡಿದೆ. ಮೊದಲು ನಕ್ಕ, ಆಮೇಲೆ ಸುಮ್ಮನಾದ. ದೀಪಾವಳಿಗೆ ಬರುವವನಿದ್ದ, ಟಿಕೆಟ್ ಆಗಿದೆಯಂತೆ. ಬರುವ ಮೊದಲೇ ವಕೀಲರನ್ನು ಇಟ್ಟು ವಾರಂಟ್ ವಾಪಸ್ ತೆಗೆಸಬಹುದಾ, ಅಥವಾ ಅವನೇ ಕೋರ್ಟಿಗೆ ಬಂದು ನಿಲ್ಲಬೇಕಾ?

ವಕೀಲರ ಗುಮಾಸ್ತ

ಸಾಮಾನ್ಯವಾಗಿ ಅವನೇ ನಿಲ್ಲಬೇಕು. ಆದರೆ ಬರುವ ಮೊದಲೇ ವಕೀಲರನ್ನು ನೋಡಿ ಅರ್ಜಿ ತಯಾರಿಟ್ಟು, ಇಳಿದ ಮಾರನೇ ದಿನವೇ ಕೋರ್ಟಿಗೆ ಹೋಗಲಿ, ತಾನಾಗಿ ಬಂದವನನ್ನು ನೋಡುವ ರೀತಿ ಬೇರೆ. ದೀಪಾವಳಿಗೆ ಕೋರ್ಟು ರಜೆ ಇರುತ್ತದೆ, ಟಿಕೆಟ್ ಒಂದು ವಾರ ಹಿಂದೆ ಹಾಕಿಸಲು ಹೇಳಿ.