ಕಾಡಿನ ವಿಹಾರದಲ್ಲಿ ಕುಟಿಗೆ ಇಲಿ ನುಗ್ಗಿದರೆ ಏನು ಮಾಡುತ್ತಾರೆ?

ಹೊಸಬ:
ಥಾಯ್ಲೆಂಡಿನ ಕಾಡಿನ ಬೌದ್ಧ ವಿಹಾರವೊಂದರಲ್ಲಿ ಸ್ವಲ್ಪ ದಿನ ಇರಲು ಹೊರಟಿದ್ದೇನೆ. ಧ್ಯಾನದ ಚಿಂತೆ ಇಲ್ಲ, ಇಲಿಯದ್ದೇ ಚಿಂತೆ. ಅಲ್ಲಿ ಸೊಳ್ಳೆಯನ್ನೂ ಹೊಡೆಯುವಂತಿಲ್ಲವಂತೆ. ಹಾಗಾದರೆ ಇರುವೆ, ಇಲಿ, ಹಾವು ಒಳಗೆ ಬಂದರೆ ಸುಮ್ನೆ ನೋಡ್ತಾ ಕೂರಬೇಕಾ? ಇದ್ದು ಬಂದವರು ಹೇಳಿ. ಹೆದರಿಸುವ ಕತೆ ಬೇಡ.

ಕುಟಿವಾಸಿ:
ಹೊಡೆಯುವಂತಿಲ್ಲ, ನಿಜ. ಭಿಕ್ಷು ಬೇಕಂತಲೇ ಪ್ರಾಣಿ ಕೊಂದರೆ ಅದು ‘ಪಾಚಿತ್ತಿಯ’ ಎಂಬ ದೋಷ, ಇನ್ನೊಬ್ಬ ಭಿಕ್ಷುವಿನ ಮುಂದೆ ಒಪ್ಪಿಕೊಳ್ಳಬೇಕು. ನೀರಲ್ಲಿ ಹುಳ ಇದೆ ಅಂತ ಗೊತ್ತಿದ್ದೂ ಬಳಸಿದರೂ ಅಷ್ಟೇ. ಅದಕ್ಕೇ ಭಿಕ್ಷುಗಳು ಇಟ್ಟುಕೊಳ್ಳುವ ಎಂಟು ಸಾಮಾನುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಆದರೆ ಬರದ ಹಾಗೆ ತಡೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ! ಕುಟಿ ಕಂಬಗಳ ಮೇಲೆ ನಿಂತಿರುತ್ತದೆ, ಕಂಬಕ್ಕೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ಇರುವೆ ಹತ್ತುವುದಿಲ್ಲ. ಬಟ್ಟೆ ಒಣಗಿತೋ, ಮುಗೀತು, ರಾತ್ರೋರಾತ್ರಿ ನಿಮ್ಮ ಚಾಪೆ ಮೇಲೇ ಮೆರವಣಿಗೆ. ಆಮೇಲೆ ಮೆತ್ತನೆ ಪೊರಕೆ ಹಿಡಿದು, ಒಂದಕ್ಕೂ ನೋವಾಗದಂತೆ ಬಾಗಿಲ ತನಕ ಬೀಳ್ಕೊಡಬೇಕು.

ಇನ್ನು ಇಲಿ. ಮಧ್ಯಾಹ್ನ ಕಳೆದ ಮೇಲೆ ಊಟವಿಲ್ಲ, ಭಿಕ್ಷುಗಳು ಮರುದಿನಕ್ಕೆ ಅಂತ ತಿಂಡಿ ಕೂಡಿಡುವಂತೆಯೂ ಇಲ್ಲ. ಹಾಗಾಗಿ ಇಲಿ ಉಪವಾಸ ಬೀಳುತ್ತದೆ ಅಂದುಕೊಂಡಿರಾ? ಅದು ಸೋಪು ತಿನ್ನುತ್ತದೆ. ನನ್ನ ಪಕ್ಕದ ಕುಟಿಯವರ ಸೋಪಿನ ಮೇಲೆ ಬೆಳಿಗ್ಗೆ ಎದ್ದರೆ ಹಲ್ಲಿನ ಗೀರು, ಬಾಚಣಿಗೆ ಎಳೆದ ಹಾಗೆ ಸಾಲಾಗಿ. ಪಾಪ, ಮುಚ್ಚಳದ ಡಬ್ಬಿ ಹುಡುಕಿ ತಂದರು. ಇಲಿ ಮೇಣದ ಬತ್ತಿಗೆ ಹೋಯಿತು.

ಅರೆನಿದ್ದೆ:
ಟೋಕೇ ಹಲ್ಲಿಯನ್ನು ಬಿಟ್ಟೇಬಿಟ್ಟಿರಲ್ಲ! ಒಂದಡಿ ಉದ್ದ, ಬೂದು ಮೈ, ಕಿತ್ತಳೆ ಚುಕ್ಕೆ. ಕೂಗೇ ಅದರ ಹೆಸರು. ಎಲ್ಲರೂ ಕಣ್ಣು ಮುಚ್ಚಿ ಕೂತಿರುವಾಗ ತೊಲೆ ಮೇಲಿಂದ 'ಟೋ-ಕೇ, ಟೋ-ಕೇ' ಅಂತ ಶುರು ಮಾಡುತ್ತದೆ, ಒಂದೊಂದು ಕೂಗೂ ಮೊದಲಿನದಕ್ಕಿಂತ ನಿಧಾನ, ಮುಗಿಯಿತು ಅಂದುಕೊಂಡಾಗ ಇನ್ನೊಂದು. ಉಸಿರು ಎಣಿಸಲು ಕೂತವರೆಲ್ಲ ಅದನ್ನೇ ಎಣಿಸುತ್ತಿರುತ್ತಾರೆ. ಹಿರಿಯ ಭಿಕ್ಷುವೊಬ್ಬರ ಭುಜ ಕುಲುಕುವುದನ್ನು ನಾನೇ ನೋಡಿದ್ದೇನೆ. ಓಡಿಸಬೇಡಿ ಮತ್ತೆ, ಜಿರಳೆ ತಿನ್ನುತ್ತದೆ. ಅದಕ್ಕೆ ಕೊಲ್ಲಬಾರದೆಂಬ ಶೀಲವೇನೂ ಇಲ್ಲ. ಕೈ ಮಾತ್ರ ಹಾಕಬೇಡಿ, ಕಚ್ಚಿದರೆ ಬೇಗ ಬಿಡುವ ಪೈಕಿ ಅಲ್ಲ.

ಹೊಸಬ:
ಸರಿ, ಹಾವು?

ಪಾಳಿಪ್ರಿಯ:
ಹಾವಿಗೆ ಖಂಧ ಪರಿತ್ತ ಇದೆ, ರಕ್ಷಣೆಗಾಗಿ ಪಠಿಸುವ ಪಾಳಿ ಪಾಠ. ಹಾವು ಕಚ್ಚಿ ಭಿಕ್ಷುವೊಬ್ಬ ಸತ್ತಾಗ ಬುದ್ಧ ಹೇಳಿಕೊಟ್ಟದ್ದು. ನಾಲ್ಕು ನಾಗಕುಲಗಳ ಜೊತೆ ನನಗೆ ಸ್ನೇಹ, ಕಾಲಿಲ್ಲದವು, ಎರಡು ಕಾಲಿನವು, ನಾಲ್ಕು ಕಾಲಿನವು, ಬಹಳ ಕಾಲಿನವು ಎಲ್ಲದರ ಜೊತೆಗೂ ಸ್ನೇಹ ಅಂತ ಸಾಗುತ್ತದೆ. ಮಜಾ ಇರುವುದು ಕೊನೆಯಲ್ಲಿ. ಹಾವು, ಚೇಳು, ಜರಿ, ಜೇಡ, ಹಲ್ಲಿ, ಇಲಿ ಅಂತ ಹಾಜರಿ ಕರೆದು, 'ನನ್ನ ರಕ್ಷಣೆ ಆಯಿತು, ಇನ್ನು ಹೊರಡಿ' ಅಂತ ಮುಗಿಸುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಇದೇ ಪಟ್ಟಿ ನೋಡಿ, ಒಂದೂ ಬದಲಾಗಿಲ್ಲ.

ಪರಿತ್ತ ಕಲಿಯಿರಿ, ಟಾರ್ಚನ್ನೂ ಮರೆಯಬೇಡಿ. ಚಪ್ಪಲಿ ಮೆಟ್ಟುವ ಮೊದಲು ಒಮ್ಮೆ ಕೊಡವಿ, ಎಲ್ಲ ಚೇಳಿಗೂ ಪಾಳಿ ಬರಲ್ಲ.