ಸಹಾಯ ಬೇಕು: ಮೊದಲ ಸಲ ಮಾಡಿದ ಬಿಯರ್ ಹುದುಗುವುದು ಅರ್ಧಕ್ಕೇ ನಿಂತಿದೆಯಾ?

ಎಲ್ಲರಿಗೂ ನಮಸ್ಕಾರ. ಇದೇ ಮೊದಲ ಸಲ ಮನೆಯಲ್ಲಿ ಬಿಯರ್ ಮಾಡುತ್ತಿದ್ದೇನೆ. ಮಾಲ್ಟ್ ಎಕ್ಸ್‌ಟ್ರ್ಯಾಕ್ಟಿನಿಂದ (ಮೊಳಕೆ ಬರಿಸಿದ ಧಾನ್ಯದ ಸಿಹಿ ಸಾರ) 20 ಲೀಟರ್ ಪೇಲ್ ಏಲ್ ಅನ್ನೋ ಬಗೆಯ ಬಿಯರ್. ಒಣ ಯೀಸ್ಟ್ 11 ಗ್ರಾಂ ಹಾಕಿದೆ. ಮಾರನೇ ದಿನವೇ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳದ ಕೊಳವೆ) ಬುಳುಬುಳು ಅನ್ನತೊಡಗಿತು. ಮೇಲೆ ದಪ್ಪ ನೊರೆ, ಹತ್ತಿರ ಹೋದರೆ ಬ್ರೆಡ್ಡಿನ ವಾಸನೆ. ತುಂಬಾ ಖುಷಿಯಾಗಿತ್ತು.

ಐದನೇ ದಿನಕ್ಕೆ ಗುಳ್ಳೆ ನಿಂತೇ ಹೋಯಿತು. ನೊರೆ ಇಳಿದು, ಬಕೆಟ್ಟಿನ ಒಳಗೋಡೆಗೆ ಕಂದು ಬಳೆಯ ಹಾಗೆ ಅಂಟಿಕೊಂಡಿದೆ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಕರಗಿದಷ್ಟೂ ಅಂಕಿ ಜಾಸ್ತಿ) ಶುರುವಿನಲ್ಲಿ 1.048 ತೋರಿಸಿತ್ತು, ಇವತ್ತು 1.020. ಇನ್ನೂ ಇಳಿದು 1.012ರ ಹತ್ತಿರ ಬರಬೇಕು ಅಲ್ವಾ? ರಾತ್ರಿ ಕೋಣೆ 15 ಡಿಗ್ರಿಗೆ ಇಳಿಯುತ್ತದೆ. ಚಳಿಗೆ ಯೀಸ್ಟ್ ತಳಕ್ಕೆ ಕೂತಿರಬೇಕು ಅನ್ನೋದು ನನ್ನ ಅನುಮಾನ. ಬಕೆಟ್ಟನ್ನು 20 ಡಿಗ್ರಿ ಇರುವ ಕಡೆ ಇಟ್ಟು ಮೆಲ್ಲಗೆ ಅಲುಗಿಸಿದರೆ ಸಾಕಾ, ಇಲ್ಲ ಹೊಸ ಯೀಸ್ಟ್ ಹಾಕಬೇಕಾ? ಸುಮ್ನೆ ಮುಚ್ಚಳ ತೆಗೆದು ಗಾಳಿ ತಾಗಿಸಲು ಮನಸ್ಸಿಲ್ಲ.

ಬಾಟಲಿಯದೂ ಒಂದು ಪ್ರಶ್ನೆ. ಸಕ್ಕರೆ ಉಳಿದಿರುವಾಗಲೇ ತುಂಬಿದರೆ ಒತ್ತಡ ಜಾಸ್ತಿಯಾಗಿ ಗಾಜು ಸಿಡಿಯುತ್ತದೆ ಅಂತ ಗೊತ್ತು, ಅದರ ಭಯ ನಿಜವಾಗಿಯೂ ಇದೆ. ಹೈಡ್ರೋಮೀಟರಿನಲ್ಲಿ ಮೂರು ದಿನ ಒಂದೇ ಅಂಕಿ ಬಂದರೆ ಧೈರ್ಯವಾಗಿ ತುಂಬಬಹುದಾ? ಆಗ ಬಾಟಲಿಯಲ್ಲಿ ಗ್ಯಾಸ್ ಬರಲು ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದರೆ ಸರಿಹೋಗುತ್ತಾ? ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.