ಅಪ್‌ಡೇಟ್: ಬೆಲ್ಟ್‌ಗೆ ಬಾರದ ಬ್ಯಾಗ್ ಸಿಕ್ಕಿತು, ಕ್ಲೇಮ್ ಬಾಕಿ

ಒಂದೇ ಟಿಕೆಟ್, ಎರಡು ಏರ್‌ಲೈನ್, ಇಳಿದಾಗ ಬ್ಯಾಗ್ ಇಲ್ಲ. ಯಾರನ್ನು ಹಿಡಿಯಬೇಕು ಅಂತ ಕೇಳಿದ್ದೆ. ಬ್ಯಾಗ್ ಟ್ರಾನ್ಸಿಟ್‌ನಲ್ಲೇ ಉಳಿದಿತ್ತು, ಈಗ ಕೈಸೇರಿದೆ. ಉತ್ತರಿಸಿದವರು ಹೇಳಿದ್ದೇ ಸರಿ: ಎಡವಟ್ಟು ಯಾರದ್ದೇ ಇರಲಿ, ಕೊನೆಯ ಹಂತದ ಏರ್‌ಲೈನ್ ಕೌಂಟರ್‌ಗೇ ಹೋಗಬೇಕು.

ಬ್ಯಾಗೇಜ್ ಹಾಲ್‌ನಿಂದ ಹೊರಬೀಳುವ ಮೊದಲೇ ಪಿಐಆರ್ (ಬ್ಯಾಗ್ ಬಂದಿಲ್ಲ ಅಥವಾ ಹಾಳಾಗಿದೆ ಅಂತ ಏರ್‌ಲೈನ್ ದಾಖಲಿಸುವ ವರದಿ) ಬರೆಸಿ. ಅದರ ಫೈಲ್ ನಂಬರ್‌ನಲ್ಲಿ ಮೊದಲ ಮೂರು ಅಕ್ಷರ ವಿಮಾನ ನಿಲ್ದಾಣದ್ದು, ಮುಂದಿನ ಎರಡು ಏರ್‌ಲೈನ್‌ನದು, ಆಮೇಲೆ 5 ಅಂಕಿ. ಬ್ಯಾಗ್ ಟ್ಯಾಗ್‌ನ 10 ಅಂಕಿಯ ನಂಬರ್ ಬೇರೆ. ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. 'ಕಪ್ಪು ಬಣ್ಣದ ಬ್ಯಾಗ್' ಅಂತಷ್ಟೇ ಬರೆಸಿದರೆ ಉಪಯೋಗವಿಲ್ಲ (ಕಪ್ಪು ಬ್ಯಾಗ್‌ಗಳಿಗೇನು ಬರವೇ?). ಟ್ಯಾಗ್ ಕಿತ್ತುಹೋಗಿದ್ದರೆ ತೆರೆದು ನೋಡಿಯೇ ಗುರುತು ಹಿಡಿಯುವುದು, ಹಾಗಾಗಿ ಒಳಗಿರುವ ಎದ್ದು ಕಾಣುವ ಒಂದು ವಸ್ತುವನ್ನೂ ಬರೆಸಿ.

ಪಿಐಆರ್ ಕೊಟ್ಟ ಮಾತ್ರಕ್ಕೆ ಕ್ಲೇಮ್ ಆಯಿತು ಅಂತ ಸುಮ್ಮನಿರಬೇಡಿ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಂತೆ, ತಡವಾದ ಬ್ಯಾಗ್‌ಗೆ ಅದು ಕೈಸೇರಿದ 21 ದಿನದೊಳಗೆ, ಹಾನಿಯಾಗಿದ್ದರೆ 7 ದಿನದೊಳಗೆ ಲಿಖಿತ ದೂರು ಹೋಗಬೇಕು. 21 ದಿನವಾದರೂ ಬಾರದಿದ್ದರೆ ಕಳೆದುಹೋದಂತೆಯೇ ಲೆಕ್ಕ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಏಕಮಾನ), ಅದೂ ಬ್ಯಾಗ್‌ಗಲ್ಲ, ತಲಾ ಪ್ರಯಾಣಿಕರಿಗೆ. ಅಷ್ಟೂ ಸಿಗುತ್ತದೆ ಅಂತಲ್ಲ. ಬಟ್ಟೆ, ಟೂತ್‌ಬ್ರಷ್, ಚಾರ್ಜರ್‌ನ ಬಿಲ್ ಇದ್ದಷ್ಟಕ್ಕೇ ಮಾತು.

ಬ್ಯಾಗ್ ಮೇಲಿನ ಹಳೆಯ ಸ್ಟಿಕರ್ ಕೀಳಬೇಕೇ ಅಂತ ಕೇಳಿದವರಿಗೆ: ಹಳೆಯ ಬಾರ್‌ಕೋಡ್ ಚೂರುಗಳನ್ನು ಕಿತ್ತೇ ಚೆಕ್‌ಇನ್ ಮಾಡಿ. ಸ್ಕ್ಯಾನರ್‌ಗೆ ಎರಡು ಕೋಡ್ ಕಂಡರೆ ಬ್ಯಾಗ್ ಕೈಯಾರೆ ವಿಂಗಡಿಸುವ ಸಾಲಿಗೆ ಹೋಗಬಹುದು, ಕನೆಕ್ಷನ್ ತಪ್ಪಬಹುದು.